ಕೊಕ್ಕು ಮುಟ್ಟದ ಜಾಗ

ಮೊದಲು ಪಂಜರದ ತಳದ ಪೇಪರಿನ ಮೇಲೆ ಒಂದೇ ಗರಿ.
ಆಮೇಲೆ ಕ್ಷೌರದಂಗಡಿಯ ನೆಲ.
"ಉದುರೋ ಕಾಲ, ಬಿಡಿ ಮೇಡಂ" ಅಂದ
ಗಾಂಧಿ ಬಜಾರಿನ ಜಬೀವುಲ್ಲ,
ಜೋಡಿಗೆ ಆರುನೂರು ಎಣಿಸಿಕೊಂಡು
ಒಂದು ಪೊಟ್ಟಣ ನವಣೆ ಪುಕ್ಕಟೆ ಕೊಟ್ಟವನು.
ಪುಕ್ಕಟೆಯಲ್ಲಿ ಪುಕ್ಕ ಇರುವುದು
ಅವತ್ತು ನನಗೆ ಹೊಳೆದಿರಲಿಲ್ಲ.

ಗೌರಿ ಹಬ್ಬಕ್ಕೆ ಎದೆ ಬೋಳು.
ದೀಪಾವಳಿಗೆ ರೆಕ್ಕೆಯ ಸಂದಿಯಲ್ಲಿ ರಕ್ತ.
ಹೊಸತು ಬರುತ್ತಿರಲಿಲ್ಲ ಅಂತಲ್ಲ,
ಬರುತ್ತಿತ್ತು:
ಬೆಂಕಿಕಡ್ಡಿಯ ಮದ್ದಿನಷ್ಟು, ಸೊಟ್ಟಗೆ,
ಬುಡದಲ್ಲಿ ಕಪ್ಪು ಕಟ್ಟಿ.
ಬಂದ ಬಂದದ್ದನ್ನು ತಾನೇ ಕಿತ್ತು ಹಾಕುತ್ತಿತ್ತು,
ಅಕ್ಕಿಯಲ್ಲಿ ಕಲ್ಲು ಆರಿಸುವವರ ಶ್ರದ್ಧೆಯಿಂದ.

ದೃಷ್ಟಿಯಾಗಿದೆ ಅಂದರು ಮಹಡಿಮನೆಯ ಶೇಷಮ್ಮ.
ಬೇಜಾರಿಗೆ ಹಾಗೆ ಮಾಡುತ್ತೆ, ಕನ್ನಡಿ ಇಡು ಅಂದಳು ನರ್ಸ್ ಫ್ಲೇವಿಯಾ.
ಇಟ್ಟೆ.
ಆಗ ಬೋಳು ಹಕ್ಕಿ ಎರಡಾದವು.

ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಹದಿನೇಳು ವರ್ಷ ನನಗೆ.
ಉಸಿರು ತಗೊಳ್ಳಿ. ಹಿಡ್ಕೊಳ್ಳಿ. ಬಿಡಿ.
ಇದಕ್ಕಿಂತ ಹೆಚ್ಚು ಯಾರಿಗೂ ಏನೂ ಹೇಳಿದವಳಲ್ಲ.
ಕಂಪ್ಯೂಟರ್ ಬಂದ ಮೇಲೆ ಬೀರು ಸೇರಿದ ಫಿಲ್ಮುಗಳಲ್ಲಿ
ಯಾರೂ ಬಂದು ಒಯ್ಯದ ಮೂಳೆಗಳು.
ಒಂದು ಅಂಗೈ ಆರಿಸಿ,
ಟೀ ಲೋಟದ ಬಾಯಿ ಇಟ್ಟು ಗೀರಿ,
ಕತ್ತರಿಸಿ, ಹಕ್ಕಿಯ ಕೊರಳಿಗೆ ಪಟ್ಟಿ ಮಾಡಿದೆ.
ಕಿಟಕಿಯ ಕಡೆ ತಿರುಗಿದಾಗ
ಬೆಳಕಿನಲ್ಲಿ ಯಾರದೋ ಕಿರುಬೆರಳಿನ ಗೆಣ್ಣು
ಅದರ ಗಂಟಲ ಸುತ್ತ.
ಬೇಡ, ಬೇಡ ಅಂತ ಹಿಡಿದ ಹಾಗೆ.

ಬಾಟಾ ಡಬ್ಬಿಗೆ ತೂತು ಕೊರೆದು
ಆಟೋದಲ್ಲಿ ವೆಟರ್ನರಿ ಕಾಲೇಜಿಗೆ.
ಡಾಕ್ಟರು ಇನ್ನೂ ಚಿಕ್ಕ ಹುಡುಗಿ, ಆಳಂದದ ಕಡೆಯವಳು.
ಎದೆ ನೋಡಲಿಲ್ಲ ಮೊದಲು. ಗಾಯ ನೋಡಲಿಲ್ಲ.
ತಲೆ ನೋಡಿದಳು.
"ಬರೀ ತಾನ ಕಿತ್ಕೊಂಡಿದ್ರ ನೆತ್ತಿ ಉಳದಿರ್ತದ್ರೀ,
ತನ್ನ ಕೊಕ್ಕು ಅಲ್ಲಿ ಮುಟ್ಟಂಗಿಲ್ಲ."
ಬೆರಳಿಂದ ನೆತ್ತಿ ಸವರಿದಳು.
ಕೈಗವಸಿಗೆ ಎರಡು ಹಸಿರು ಗರಿ ಅಂಟಿ ಬಂದವು.

ಒಂದನ್ನು ಲಕೋಟೆಗೆ ಹಾಕಿ ಲ್ಯಾಬಿಗೆ ಕಳಿಸಿದೆವು.
ಒಂಬತ್ತನೇ ದಿನ ಉತ್ತರ. ವೈರಸ್ಸು.
"ಕೊಕ್ಕು-ಗರಿ ರೋಗ" ಅಂತ ಕನ್ನಡದಲ್ಲಿ ಹೇಳಿ ನೋಡಿದಳು,
ಅಂಗನವಾಡಿಯ ಹಾಡಿನಂತೆ ಕೇಳಿಸಿತು.
ಮದ್ದಿಲ್ಲ.
ಗರಿಯ ಹೊಟ್ಟಿನಲ್ಲೇ ಹಬ್ಬುತ್ತದೆ, ಇನ್ನೊಂದನ್ನು ಬೇರೆ ಇಡಿ.

ಹಾಗಾದರೆ ಆ ರಕ್ತ, ಅಂದೆ. ಕಿತ್ತುಕೊಂಡದ್ದು ನಿಜ ತಾನೆ?
"ಅದೂ ಖರೇನ. ಬರೋ ಗರಿ ನೋಯ್ತದ,
ನೋಯೋದನ್ನ ಕಿತ್ತೊಗೀತದ.
ರೋಗ ಎಲ್ಲಿ ಮುಗೀತು, ಹಕ್ಕಿ ಎಲ್ಲಿ ಸುರು ಆತು,
ಹೇಳಾಕ ಬರಂಗಿಲ್ಲ ಮೇಡಂ."
ಹೇಳುತ್ತ ನನ್ನ ಹೆಬ್ಬೆರಳು ನೋಡಿದಳು.
ನೈಟ್ ಶಿಫ್ಟಿನಲ್ಲಿ ಹಲ್ಲಿಂದ ಕಚ್ಚಿ ಕಚ್ಚಿ
ಉಗುರಿನ ಬದಿ ಕೆಂಪಗೆ ಸುಲಿದದ್ದು.
ಏನೂ ಅನ್ನಲಿಲ್ಲ. ಚೀಟಿ ಬರೆದಳು.

ಈಗ ನಿಂಬಿ ಅಡುಗೆಮನೆಯಲ್ಲಿ, ಪಚ್ಚ ನಡುಮನೆಯಲ್ಲಿ.
ಗೋಡೆಯ ಆಚೆಯಿಂದ ಅದು ಕೂಗುತ್ತದೆ,
ಈಚೆಯಿಂದ ಇದು.
ಕುಕ್ಕರ್ ಸೀಟಿ ಹೊಡೆದರೆ ಇಬ್ಬರೂ ಸುಮ್ಮನಾಗುತ್ತಾರೆ.
ಹಾರಲಾಗದ ಪಚ್ಚ ಕಂಬಿ ಹಿಡಿದು
ಮೇಲೇರುತ್ತದೆ, ಕೊಕ್ಕು, ಕಾಲು, ಕೊಕ್ಕು,
ನನ್ನ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತದೆ.

ಆಮೇಲೆ ನೆನಪಾಯಿತು.
ಬೇಸಿಗೆಯ ಮಧ್ಯಾಹ್ನಗಳಲ್ಲಿ
ನಿಂಬಿ ಇದರ ನೆತ್ತಿ ಕೆದಕುತ್ತಿತ್ತಲ್ಲ,
ಇದು ಕಣ್ಣು ಮುಚ್ಚಿಕೊಂಡು.
ಕೊಕ್ಕು ಮುಟ್ಟದ ಜಾಗ ಇನ್ನೊಬ್ಬರಿಗೆ ಬಿಟ್ಟದ್ದು.

ಸೋಪು ಹಾಕಿ ಕೈ ತೊಳೆದು ಬೆರಳು ಇಡುತ್ತೇನೆ.
ಬೋಳು ಚರ್ಮ ಬಿಸಿ. ಅಲ್ಲೊಂದು ಇಲ್ಲೊಂದು ಮೊನೆ.
ಉಗುರಿಲ್ಲದ ಬೆರಳು ಜಾರುತ್ತದೆ,
ಹಕ್ಕಿ ತಾಳ್ಮೆಗೆಟ್ಟು ಕುಟುಕುತ್ತದೆ, ಸರಿಯಾಗಿ ಮಾಡು ಅಂತ.

ಹೆಬ್ಬೆರಳಿನದೊಂದು ಬೆಳೆಯಲು ಬಿಟ್ಟಿದ್ದೇನೆ.
ಇವತ್ತಿಗೆ ಹನ್ನೊಂದು ದಿನ.
ನಿನ್ನೆ ರಾತ್ರಿ ಎರಡು ಗಂಟೆಗೆ, ಕತ್ತಲ ಕೋಣೆಯಲ್ಲಿ,
ಬಾಯಿಯವರೆಗೂ ಹೋಗಿ ವಾಪಸು ಬಂತು.