ಪಾಲಕರ ಸಹಿ

ಬೈನಾದಾಗ ಸಂಜಿ ಅಂದ್ರ
ಬಂದರದ ಕಲ್ಲಿದ್ದಲ ಧೂಳು ಮೊದಲ ಮನಿಗೆ ಬರ್ತೈತಿ,
ಆಮ್ಯಾಲೆ ನಾ, ಆಮ್ಯಾಲೆ ಕರೆಂಟು.
ಸೆರಗಿಲೆ ಪುಸ್ತಕ ಒರಸ್ತೀನಿ.
ಬಿಳಿ ಹಾಳಿ, ಕರಿ ಅಕ್ಷರ, ಅದರ ಮ್ಯಾಲೆ ಕರಿ ಧೂಳು.
"ಮೆಲ್ಲಕ ಅವ್ವ, ಪಾಠನೂ ಅಳಿಸೀದಿ" ಅಂತ
ದಾನಿ ನಗ್ತಾಳ.

ಎರಡನೇ ಇಯತ್ತೆ. ಮರಾಠಿ ಸಾಲಿ.
ದಿನಾ ಇಪ್ಪತ್ತು ಮಿನಿಟು ಗಟ್ಟಿಯಾಗಿ ಓದಿಸ್ರಿ,
ಡೈರ್ಯಾಗ ಸಹಿ ಮಾಡ್ರಿ, ಅಂದಾರ ಉಜ್ವಲಾ ಟೀಚರ್.
ನನಗ ಬರೂದು ಮೂರ ಅಕ್ಷರ: ನೀ, ಲ, ವ್ವ.
ಸಂಘದ ಸಾಲಕ್ಕ ಕಲಿತದ್ದು.
ಆ ಮೂರರಿಂದ ಸಾಲ ತಗೊಂಡೆ, ಗ್ಯಾಸ್ ತಗೊಂಡೆ,
ಈಗ ಮಗಳು ಓದಿದ್ದಕ್ಕ ಸಾಕ್ಷಿ ಹೇಳ್ತೀನಿ.

ಒಲಿ ಮುಂದ ನಾ, ಹಿಟ್ಟಿನ ಡಬ್ಬಿ ಮ್ಯಾಲೆ ಆಕಿ.
ನಾ ರೊಟ್ಟಿ ಬಡೀತೀನಿ, ಆಕಿ ಓದ್ತಾಳ.
ಗಡಿಯಾರ ಇಲ್ಲ. ಆರು ರೊಟ್ಟಿಗೆ ಇಪ್ಪತ್ತು ಮಿನಿಟು.
ಏಳನೇದು ಬಡದ್ರ ಅವತ್ತಿನ ಪಾಠ ಉದ್ದ ಐತಿ.
ಅರ್ಥ ನನಗ ತಿಳಿಯೂದಿಲ್ಲ. ಆದ್ರ
ಬೆರಳು ಅಕ್ಷರದ ಕೆಳಗ ಇರುವಿ ಹಂಗ ನಡದ್ರ
ಓದಾಕತ್ತಾಳ,
ಬೆರಳು ನಿಂತು ಬಾಯಿ ಓಡಿದ್ರ
ಬಾಯಿಪಾಠ ಒಪ್ಪಸಾಕತ್ತಾಳ.
"ತಿರುಗಿ ಓದು" ಅಂತೀನಿ.
"ನಿನಗೆಂಗ ಗೊತ್ತಾತು?" ಅಂತ ಕಣ್ಣು ಅಗಲಿಸ್ತಾಳ.
ಹೇಳೂದಿಲ್ಲ.
ಅವ್ವ ಅನ್ನಾಕಿಗೆ ಒಂದಾದ್ರೂ ಗುಟ್ಟು ಬೇಕು.

ಮಗ್ಗಿಗೆ ಮಾತ್ರ ಇಬ್ಬರದೂ ಜಗಳ.
ಆಕೀದು ಬೇ ಏಕೆ ಬೇ, ನಂದು ಎರಡೊಂದ್ಲ ಎರಡು.
ಎಂಟಕ್ಕ ಬರೂದ್ರಾಗ ರಾಜಿ ಆಗಿರ್ತೀವಿ.

ಆ ಸೋಮವಾರ ಡೈರ್ಯಾಗ ಕೆಂಪು ಮಸಿ, ನಾಕ ಸಾಲು.
"ಏನ್ ಬರದಾರ?"
"ದಾನಮ್ಮ ಭಾಳ ಚಲೋ ಓದ್ತಾಳ ಅಂತ ಬರದಾರ."
ಬೆರಳು ನಿಂತಿತ್ತು.
ನಾ ಸಹಿ ಮಾಡಿದೆ. ನೀ. ಲ. ವ್ವ.
ರಾತ್ರಿ ಇಡೀ ಆ ನಾಕ ಸಾಲು
ಹಂಚಿನ ಮ್ಯಾಲಿನ ರೊಟ್ಟಿ ಹಂಗ
ಎದಿಯಾಗ ಉಬ್ಬಿಕೊಂಡ ಕುಂತಿದ್ವು.

ಮುಂಜಾನೆ ಔಷಧ ಅಂಗಡಿ ಶಿರೋಡ್ಕರ್
ಕನ್ನಡಕ ಏರಿಸಿ ಓದಿದ, ನನ್ನ ನೋಡಿದ, ಮತ್ತ ಓದಿದ.
"ಹುಡುಗಿ ಓದೂದು ಚಲೋ ಐತಿ. ಆದ್ರ
ಓದೂವಾಗ ಬಾಕ ಬಡೀತಾಳ, ಅಂಗೈಲೆ, ತಾಳ ತಪ್ಪದಂಗ.
ಬ್ಯಾಡ ಅಂದ್ರ ಓದು ನಿಲ್ಲತೈತಿ. ಹುಡುಗರು ನಗ್ತಾರ.
ಮನ್ಯಾಗ ಏನಾರ ತ್ರಾಸ ಐತೇನು?"

ಅಲ್ಲೇ ನಿಂತ ನನ್ನ ಅಂಗೈ ನೋಡ್ಕೊಂಡೆ.
ಏನಂತ ಹೇಳಲಿ, ಶಿರೋಡ್ಕರ್?
ಮನ್ಯಾಗ ತ್ರಾಸ ಇಲ್ಲ. ರೊಟ್ಟಿ ಐತಿ.

ಅವತ್ತು ರೊಟ್ಟಿ ಮೊದಲ ಮುಗಿಸಿದೆ,
ಕೈ ತೊಳಕೊಂಡು ಆಕಿ ಮುಂದ ಕುಂತೆ.
ದಾನಿ ಬಾಯಿ ತೆರದಳು, ಮುಚ್ಚಿದಳು.
"ನೀ ಸುಮ್ಮ ಕುಂತ್ರ ಅಕ್ಷರ ಓಡಿ ಹೋಗ್ತಾವ, ಅವ್ವ."
ಒಂದ ಸಾಲೂ ಇಲ್ಲ. ಸಹಿನೂ ಇಲ್ಲ.
ಮರುದಿನ ಆಕಿ ಬೆನ್ನ ಮ್ಯಾಲೆ,
ಕೂಸಿದ್ದಾಗ ಮಲಗಸಾಕ ತಟ್ಟಿದಂಗ, ಎರಡ ಬೆರಳಿಲೆ ತಟ್ಟಿದೆ.
ಆಡಿನ ಪಾಠ ಅರ್ಧ ತನಕ ಬಂತು.
ಮೂರನೇ ದಿನ ಮೊರ ತಗೊಂಡು ಅಕ್ಕಿ ಹಸನ ಮಾಡಾಕ ಕುಂತೆ.
ಸಪ್ಪಳ ಇಲ್ಲದ ಕೆಲಸ
ಹೆಂಗಸಿನ ಕೈಗೆ ಎಷ್ಟು ಕಡಿಮಿ ಸಿಗತಾವ
ಅನ್ನೂದು ಆಗ ತಿಳೀತು.

ಬೆರಳು ನಡೀತು. ಒಂದ ಸಾಲು.
ನಿಂತು ನನ್ನ ಕೈ ನೋಡಿದಳು.
ಮತ್ತೊಂದು ಸಾಲು.
ಆಚೆ ವ್ಯಾಗನ್ನು ಒಂದಕ್ಕೊಂದು ಢಿಕ್ಕಿ ಹೊಡದ್ವು,
ಬೆರಳು ತಪ್ಪಲಿಲ್ಲ.

ರಾತ್ರಿ ಉಣ್ಣೂವಾಗ ಅವರಪ್ಪನ ಹಲ್ಲಿಗೆ
ಕಟ್ ಅಂತ ಹರಳು ಸಿಕ್ಕಿತು.
"ಎಲ್ಲಿ ನೋಡ್ಕೊಂತ ಹಸನ ಮಾಡಿದಿ?" ಅಂದ.
ದಾನಿ ತಲಿ ತಗ್ಗಿಸಿ ಅನ್ನದಾಗ ನಕ್ಕಳು.
ನಾ ಎದ್ದು ಡೈರಿ ಹುಡುಕಿದೆ.