ಎತ್ತಿನ ಭುಜದಲ್ಲಿ ಏನೂ ಕಾಣದ ದಿನ

ಬೈರಾಪುರದ ಕೊನೆಯ ಮನೆ ದಾಟುವ ಮೊದಲೇ
ಅವರಿಬ್ಬರಿಗೂ ಜಗಳ ಶುರುವಾಗಿತ್ತು.
ನನಗೆ ಆ ಭಾಷೆ ಬಾರದು.
ಆದರೆ ಮರೆತು ಬಂದ ರೇನ್‌ಕೋಟಿನ ಜಗಳ
ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ:
ಇರುವುದೊಂದು ಕೋಟು, ನೆನೆಯುವ ಮೈ ಎರಡು,
ನೀನೇ ಹಾಕಿಕೋ, ನೀನೇ ಹಾಕಿಕೋ ಎಂದು
ಇಬ್ಬರಿಗೂ ಸಿಟ್ಟು.
ಕೋಟು ನನ್ನ ಹೆಗಲಿಗೆ ಬಂತು.

ಎಸ್ಟೋನಿಯಾ ಅಂತೆ ದೇಶ. ಆರ್ನೆ, ಮೈಮು.
ಅರವತ್ತು ದಾಟಿದ ಮಂಡಿಗಳು ನಾಲ್ಕು.
ತಮ್ಮ ದೇಶದ ಅತಿ ಎತ್ತರದ ಗುಡ್ಡದ ಹೆಸರು
ದೊಡ್ಡ ಮೊಟ್ಟೆ ಎಂದ ಆತ, ಹೆಮ್ಮೆಯಿಂದ.
ಎಷ್ಟೆತ್ತರ ಎಂದು ಕೇಳಿ
ನಗು ಬಂತು, ಕೆಮ್ಮಿದಂತೆ ಮಾಡಿದೆ.

ಹಸ್ತದ ಮಳೆ ಹಠ ಹಿಡಿದಿತ್ತು.
ನಶ್ಯ, ಸುಣ್ಣ, ಉಪ್ಪು ಕಲಸಿ
ಅವರ ಕಾಲುಚೀಲದ ಅಂಚಿಗೆ ಮೆತ್ತಿದೆ.
ನಮ್ಮ ಇಂಬಳಕ್ಕೆ ಪಾಸ್‌ಪೋರ್ಟು ತೋರಿಸಿದರೆ ಸಾಲದು.
ಮಳೆಗೆ ಅವರಲ್ಲಿ ಏನನ್ನುತ್ತೀರಿ ಎಂದೆ.
'ವಿಹ್ಮ್' ಎಂದಳು ಆಕೆ.
ಹೊರಗೆ ಬೀಳದೆ
ಮೂಗಿನೊಳಗೇ ಜಿನುಗಿ ನಿಂತ ಶಬ್ದ.
ನಮ್ಮದು ಸೂರು ಒಡೆಯುವ ಮಾತು. ಮಳೆ.
ಆಕೆ ಅಂದಾಗ ಅದು 'ಮಲೆ' ಆಯಿತು.
ತಪ್ಪೇನಲ್ಲ, ಬಿಟ್ಟೆ.

ಕಾಡು ಮುಗಿದು ಹುಲ್ಲು ಸಿಕ್ಕಿತು.
ಆತ ಮುಂದೆ, ಆಕೆ ಹಿಂದೆ, ನಡುವೆ ಆ ಜಗಳ
ಕಟ್ಟಿ ಎಳೆದ ಕರುವಿನ ಹಾಗೆ ಬರುತ್ತಿತ್ತು.
ಕಲ್ಲು ಜಾರಿದ ಕಡೆ ಕೈ ಕೊಡಲಿಲ್ಲ ಆಕೆ,
ಕೋಲಿನ ತುದಿ ಚಾಚಿದಳು.
ಆತನ ಕನ್ನಡಕಕ್ಕೆ ಮಂಜು ಕಟ್ಟಿತು.
ಹಿಂತಿರುಗಿ ನೋಡದೆ ಕಳಚಿ ಹಿಂದಕ್ಕೆ ಹಿಡಿದ.
ಆಕೆಯೂ ಅವನನ್ನು ನೋಡದೆ ಇಸಕೊಂಡು
ಅಂಗಿಯೊಳಗಿನ ಬನಿಯನ್ನಿನ ಒಣ ಚೂರಲ್ಲಿ
ಒರೆಸಿ ಕೊಟ್ಟಳು.
ಐದು ಸಲ. ಎಣಿಸಿದ್ದೇನೆ.
ಒಂದು ಸಲವೂ ಮಾತಿಲ್ಲ.

ತುದಿಯಲ್ಲಿ ಬರೀ ಬಿಳಿ.
ಉಕ್ಕಿದ ಹಾಲು ಒಲೆಯನ್ನೇ ನುಂಗಿದ ಹಾಗೆ.
ಅಲ್ಲೇನಿದೆ, ಎಂದ ಆರ್ನೆ.
ದುಡ್ಡು ತೆಗೆದುಕೊಂಡವನು ನಾನು, ತೋರಿಸಿದೆ:
ಅಗೋ ಶಿಶಿಲ, ಅಗೋ ಅಮೇದಿಕಲ್ಲು,
ಬಿಸಿಲಿದ್ದರೆ ಘಟ್ಟದ ಕೆಳಗಿನ ತೋಟದ ಹೆಂಚೂ ಎಣಿಸಬಹುದು.
ಗಾಳಿ ಕೆನ್ನೆ ಬದಲಿಸಿದಾಗ ಗೊತ್ತಾಯಿತು,
ಪಡುವಣ ನನ್ನ ಬೆನ್ನ ಹಿಂದಿದೆ.
ತಿದ್ದಬೇಕೆಂದು ತಿರುಗಿದರೆ
ಅವರಿಬ್ಬರೂ ನನ್ನ ಹೆಗಲಿಂದ ಕೋಟು ಎಳೆದುಕೊಂಡು
ಒಂದೊಂದು ತೋಳು ಒಬ್ಬೊಬ್ಬರು ತೂರಿಸಿ
ನಡುವೆ ಗುಂಡಿ ಹಾಕಲಾರದೆ ನಿಂತು
ಇಲ್ಲದ ಶಿಶಿಲವನ್ನು ನೋಡುತ್ತಿದ್ದರು.
ತಿದ್ದಲಿಲ್ಲ.

ನಿನ್ನ ಹೆಂಡತಿ ಇಲ್ಲಿಗೆ ಬಂದಿದ್ದಾಳೆಯೇ?
ಇಳಿಯುವಾಗ ಮೈಮು ಕೇಳಿದ್ದಕ್ಕೆ
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೊತ್ತು ಕಳೆದೆ.
ಹನ್ನೊಂದು ವರ್ಷದಿಂದ ಹತ್ತಿಸುತ್ತಿದ್ದೇನೆ,
ಮಂಗಳೂರಿನವರನ್ನು, ಪೂನಾದವರನ್ನು,
ಹಿಮ್ಮಡಿ ಒಡೆದ ಹೊಸ ಬೂಟಿನವರನ್ನು.
ಜಲಜಾಕ್ಷಿಯನ್ನು ಒಮ್ಮೆ ಕರೆದದ್ದುಂಟು.
ಹುಲ್ಲಿನ ಹೊರೆ ಇಳಿಸದೆಯೇ ಹೇಳಿದ್ದಳು:
ಎತ್ತು ಇರೋದು ಹೂಡಕ್ಕೆ ಕಣ್ರೀ, ಹತ್ತಕ್ಕಲ್ಲ.
ಇದನ್ನು ಇಂಗ್ಲಿಷಿಗೆ ಹೇಗೆ ತರುವುದು?
ಇಲ್ಲ, ಎಂದಷ್ಟೇ ಅಂದೆ.
ಆಕೆ ತಲೆಯಾಡಿಸಿ ತನ್ನ ಪಾಲಿನ ಕಾಫಿಯಲ್ಲಿ
ಅರ್ಧ ಗಂಡನಿಗೆ ಸುರಿದಳು.

ರಾತ್ರಿ ಒದ್ದೆ ನೋಟುಗಳನ್ನು
ಬಚ್ಚಲ ಹಂಡೆಯ ಮುಚ್ಚಳದ ಮೇಲೆ ಹರವಿದೆವು.
ನನ್ನ ಮಂಡಿಯ ಹಿಂದೆ ಉಬ್ಬಿ ಕೂತಿದ್ದ ಇಂಬಳಕ್ಕೆ
ಉಪ್ಪು ಹಾಕುತ್ತ ಜಲಜ ಗೊಣಗಿದಳು,
ಊರವರಿಗೆಲ್ಲ ಹಚ್ಚಿ ನಿಮಗೆ ಹಚ್ಕಳದು ಮರ್ತ್ರಾ?
ಆಮೇಲೆ,
ಏನು ಕಾಣ್ತು ಅವ್ರಿಗೆ, ಈ ಮಳೇಲಿ?
ಏನೂ ಇಲ್ಲ.
ಮತ್ತೆ ದುಡ್ಡು?
ಮುನ್ನೂರು ಹೆಚ್ಚಿಗೇ ಕೊಟ್ಟರು.

ಅವಳು ಒಂದೊಂದೇ ನೋಟು ಮಗುಚಿ ಹಾಕಿದಳು,
ಕಾವಲಿಯ ಮೇಲಿನ ರೊಟ್ಟಿಯಂತೆ,
ಬೆರಳು ಸುಡುತ್ತಿದೆಯೆಂದು ಊದಿಕೊಳ್ಳುತ್ತ.
ಹೊರಗೆ ಮತ್ತೆ ಹಿಡಿಯಿತು.
ವಿಹ್ಮ್, ಎಂದೆ.
ಏನಂದ್ರಿ, ಎಂದಳು.