ಏಳನೇ ಗೂಡು

ಟಾಸಿಗೆ ಒಂದು ಗಂಟೆ ಮೊದಲು
ನನ್ನ ಮೇಜಿನ ಮುಂದೆ ಸಾಲು.
ಹಲಗೆಯ ಪೆಟ್ಟಿಗೆ, ಇಪ್ಪತ್ತು ಗೂಡು,
ಒಂದೊಂದಕ್ಕೂ ನಾನೇ ಬಿಳಿ ಬಣ್ಣದಲ್ಲಿ ಬರೆದ ಅಂಕಿ.
ನಾಯಕನದೂ ನೀರು ಹೊರುವ ಹುಡುಗನದೂ ಒಂದೇ ಅಗಲ.
ಫೋನು ಕೊಟ್ಟು ಸಹಿ ಹಾಕಿ ಒಳಗೆ ಹೋಗಬೇಕು,
ಕೊನೆಯ ಚೆಂಡು ಬಿದ್ದ ಮೇಲೆ ಸಹಿ ಹಾಕಿ ಒಯ್ಯಬೇಕು.
ನಡುವಿನ ಏಳು ಗಂಟೆ ಲೋಕಕ್ಕೂ ಇವರಿಗೂ ಮಾತಿಲ್ಲ.

ಬುಲವಾಯೊ ರೈಲಿನಲ್ಲಿ ಮೂವತ್ತೊಂದು ವರ್ಷ ಗಾರ್ಡಾಗಿದ್ದೆ.
ಪಿಂಚಣಿ ಬರುತ್ತದೆ ಎನ್ನುತ್ತಾರೆ;
ಬಂದ ತಿಂಗಳು ಅದಕ್ಕೆ ಒಂದು ಬ್ರೆಡ್ಡು, ಅರ್ಧ ಸಾಬೂನು.
ಅದಕ್ಕೇ ಈ ಕೆಲಸ. ಎದೆಗೆ ತೂಗುವ ಚೀಟಿ:
"ಪ್ರಾಮಾಣಿಕತಾ ಸಹಾಯಕ, ಎಂಜಿಂಗಾಯೆ ಎನ್‌ಡಿವೆನಿ."
ಹೆಂಡತಿ ಓದಿ ನಕ್ಕಳು:
ಪ್ರಾಮಾಣಿಕತೆಗೂ ದಿನಗೂಲಿಯೇ?

ಏಳನೇ ಗೂಡು ವುಸುಮುಜಿಯದು.
ಬಿದ್ದ ಮನೆಯನ್ನು ಎಬ್ಬಿಸುವವನು ಅಂತ, ನಮ್ಮ ಮಾತಿನಲ್ಲಿ.
ಇಪ್ಪತ್ತೊಂದು ವಯಸ್ಸು, ಬೂಟಿನ ಅಟ್ಟೆಗೆ ಟೇಪು.
ಅವನು ಓಡಿ ಬಂದರೆ ಮಾತ್ರ
ಜಕರಾಂಡದಡಿ ಮಲಗಿದ ನಾಯಿ ಎದ್ದು ಕೂರುತ್ತದೆ.

ಆ ಶನಿವಾರ ಅವನ ಫೋನು ಹದಿಮೂರು ಸಲ ಗುಂಯ್‌ಗುಟ್ಟಿತು,
ಹಲಗೆಯೊಳಗೆ ದುಂಬಿ ಹೊಕ್ಕ ಹಾಗೆ.
ನಾನು ನೋಡುವಂತಿಲ್ಲ, ನೋಡಲಿಲ್ಲ.
ಕಿವಿಗೆ ಮಾತ್ರ ಮಂಡಳಿ ಬೀಗ ಕೊಟ್ಟಿರಲಿಲ್ಲ.

ಊಟದ ಹೊತ್ತಿಗೆ ಬಂದ. ಫೋನು ಕೇಳಲಿಲ್ಲ.
ಮೇಜಿನ ಅಂಚಿನ ಸಿಬಿರು ಕೀಳುತ್ತ ನಿಂತ.
"ಖುಲು, ಯಾರೋ ಕೇಳಿದರು ಅಂದುಕೋ.
ಎರಡನೇ ಓವರಿನಲ್ಲಿ ಎರಡು ವೈಡು. ಅಷ್ಟೇ.
ನಾವು ಸೋಲುವುದೂ ಬೇಡವಂತೆ.
ಇಲ್ಲ ಅಂದೆ. ಅಲ್ಲಿಗೆ ಮುಗಿಯಿತಲ್ಲ?"

ಮುಗಿಯಲಿಲ್ಲ ಮಗಾ.
ನಿನ್ನ ಬೆನ್ನ ಹಿಂದಿನ ಗೋಡೆಯಲ್ಲೇ ಇದೆ, ಆರನೇ ಸಾಲು:
ಕೇಳಿದ್ದನ್ನು ಹೇಳದಿರುವುದೂ ತಪ್ಪು.
ಈಗ ನೀನು ನನ್ನ ಕಿವಿಗೆ ಹಾಕಿದೆ,
ಸುಮ್ಮನಿದ್ದರೆ ನಾನೂ.

ಒಮ್ಮೆ ಪ್ಲಮ್‌ಟ್ರೀ ದಾರಿಯಲ್ಲಿ, ನಡುರಾತ್ರಿ,
ಒಂಬತ್ತನೇ ಬೋಗಿಯ ಅಚ್ಚಿನಿಂದ ಎಣ್ಣೆ ಸುಟ್ಟ ವಾಸನೆ.
ಹೊಗೆಯಿಲ್ಲ, ಕಿಡಿಯಿಲ್ಲ, ವಾಸನೆ.
ಕೆಂಪು ದೀಪ ಆಡಿಸಿದೆ.
ಎರಡು ಗಂಟೆ ನಿಂತ ರೈಲಿನಲ್ಲಿ
ಇನ್ನೂರು ಜನ ನನ್ನ ಹೆತ್ತವಳನ್ನು ನೆನೆದರು.
ಏನೂ ಆಗಲಿಲ್ಲ ಆ ರಾತ್ರಿ.
ಏನೂ ಆಗದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಬೇರೆ:
"ನಾಲ್ಕು ತಿಂಗಳಿಂದ ಆಡಿದ್ದಕ್ಕೆ ದುಡ್ಡು ಬಂದಿಲ್ಲ.
ಅದು ಯಾರ ತಪ್ಪು ಖುಲು, ಗೋಡೆಯಲ್ಲಿ ಎಷ್ಟನೇ ಸಾಲು?"
ಗೋಡೆ ನೋಡಿದೆ. ಹದಿನಾಲ್ಕು ಸಾಲು.
ಕನ್ನಡಕ ಒರೆಸಿ ಮತ್ತೆ ನೋಡಿದೆ.

ನಮೂನೆ ತೆಗೆದೆ. ಯಾರು, ಎಲ್ಲಿ, ಎಷ್ಟು, ಯಾವ ನಂಬರು.
ಅವನು ಹೇಳಿದ, ನಾನು ಬರೆದೆ.
ಕೊನೆಗೆ "ಇತರೆ" ಎಂದು ಎರಡು ಬೆರಳಗಲ ಖಾಲಿ.
ಅಲ್ಲಿ ಗಾರ್ಡಿನ ದುಂಡು ಅಕ್ಷರದಲ್ಲಿ ಬರೆದೆ:
ಮಂಡಳಿಯಿಂದ ಈ ಹುಡುಗನಿಗೆ ಬಾಕಿ, ನಾಲ್ಕು ತಿಂಗಳು.
ಅದರ ಕೆಳಗೆ: ಉಳಿದ ಹತ್ತೊಂಬತ್ತು ಗೂಡಿಗೂ.

ಹರಾರೆಯಿಂದ ಬಂದ ಶ್ರೀಮತಿ ಗ್ವಾತಿಜೊ ಒಳ್ಳೆಯವರೇ.
ಹುಡುಗನ ಭುಜ ತಟ್ಟಿದರು,
ಅವನ ಫೋನನ್ನು ಲಕೋಟೆಗೆ ಹಾಕಿ ಮೊಹರು ಒತ್ತಿದರು.
ಕೊನೆಯ ಎರಡು ಸಾಲಿನ ಮೇಲೆ ಪೆನ್ನು ನಿಂತಿತು.
"ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ" ಎಂದರು.
ಹೊಡೆದುಹಾಕಲೂ ಇಲ್ಲ.

ಮುಂದಿನ ಶನಿವಾರ ಅವನ ಕೈಯಲ್ಲಿ ಕಡ ತಂದ ಫೋನು,
ಗುಂಡಿ ಒತ್ತುವ ಹಳೆಯ ನಮೂನೆ.
ಇಟ್ಟ, ಸಹಿ ಹಾಕಿದ, ಓಡಿದ.
ಎರಡನೇ ಓವರು. ಮೊದಲ ಚೆಂಡೇ ವೈಡು.
ಅಂಪೈರು ಎರಡೂ ಕೈ ಚಾಚಿದ.
ಯಾರೋ ನಕ್ಕರು ಮೇಲಿನ ಸಾಲಿನಲ್ಲಿ.
ಬೆವರಿಗೆ ಜಾರಿತೋ, ಬೂಟಿನ ಟೇಪು ಬಿಚ್ಚಿತೋ...

ಕೈಯ ಹಿಂಬದಿಯನ್ನು ಏಳನೇ ಗೂಡಿಗೆ ತಾಗಿಸಿದೆ,
ಅಚ್ಚಿನ ಬಿಸಿ ನೋಡುತ್ತಿದ್ದ ಹಾಗೆ.
ತಣ್ಣಗಿತ್ತು.
ಅಷ್ಟರಲ್ಲಿ ಅವನು ಚೆಂಡು ಒರೆಸಿಕೊಳ್ಳುತ್ತ
ತನ್ನ ಗುರುತಿನ ಕಡೆಗೆ ತಿರುಗಿ ನಡೆದಿದ್ದ.